ಮರಗೆಲಸದ ಬೆಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೂಲಿನ ಕಾಲು, ಬಾಗಿಲಿನ ಅಡ್ಡಪಟ್ಟಿ, ಕೊಡಲಿಯ ಕಾವು, ನೇಗಿಲಿನ ಈಸು. ಎಲ್ಲದರಲ್ಲೂ ಒಂದು ಬೆಣೆ ಇದ್ದೇ ಇರುತ್ತದೆ. ಆದರೂ ಹೊಸದಾಗಿ ಮರಗೆಲಸ ಕಲಿಯುವವರು ಹೆಚ್ಚು ತಲೆ ಕೆಡಿಸಿಕೊಳ್ಳದ ಭಾಗವೂ ಇದೇ. ಕಾಲಡಿ ಬಿದ್ದ ಚೂರನ್ನು ಎತ್ತಿ, ತುದಿ ಕೆತ್ತಿ, ಬಡಿದುಬಿಡುತ್ತಾರೆ. ಆಮೇಲೆ ಜೋಡಣೆ ಅಲುಗಾಡಿದರೆ ಅಂಟನ್ನು ಬೈಯುತ್ತಾರೆ. ಮನೆಯಲ್ಲಿ ಕೈ ಉಪಕರಣಗಳಿಂದ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ. ಒಂದು ಮರದ ತುದಿಯಲ್ಲಿ ಕೊರೆದು ಉಳಿಸುವ ಭಾಗವನ್ನು ‘ನಾಲಿಗೆ’ ಎಂದೂ, ಅದು ಹೊಕ್ಕುವ ತೂತನ್ನು ‘ಕಂಡಿ’ ಎಂದೂ ಕರೆದಿದ್ದೇನೆ. ಕೈಗಾರಿಕಾ ತರಬೇತಿ ಕೇಂದ್ರದಲ್ಲಿ ಓದಿದವರಿಗೆ ಇವು ಟೆನನ್ ಮತ್ತು ಮಾರ್ಟಿಸ್.

ಈಗ ಒಳ್ಳೊಳ್ಳೆ ಅಂಟು ಸಿಗುತ್ತದೆ. ಬೆಣೆ ಯಾಕೆ ಬೇಕು?

ಅಂಟು ಎರಡು ಮೈಗಳನ್ನು ಹಿಡಿದಿಡುತ್ತದೆ, ಅಷ್ಟೇ. ಬೆಣೆ ನಾಲಿಗೆಯ ಆಕಾರವನ್ನೇ ಬದಲಿಸುತ್ತದೆ. ನಾಲಿಗೆಯ ತುದಿ ಹೊರಬರುವ ಕಡೆಯ ಬಾಯಿ, ಅಂದರೆ ಕಂಡಿಯ ಹೊರಬಾಯಿ, ಒಳಬಾಯಿಗಿಂತ ಸ್ವಲ್ಪ ಅಗಲ ಇರುತ್ತದೆ. ನಾಲಿಗೆಯ ತುದಿಯಲ್ಲಿ ಗರಗಸದಿಂದ ಹಾಕಿದ ಸೀಳಿಗೆ ಬೆಣೆ ಬಡಿದಾಗ ನಾಲಿಗೆ ಅರಳಿ ಆ ಅಗಲವನ್ನು ತುಂಬುತ್ತದೆ. ಅಲ್ಲಿಂದ ಮುಂದೆ ಒಳಗೆ ಸಣ್ಣದು, ಹೊರಗೆ ದೊಡ್ಡದು. ಮರವೇ ಮುರಿಯದೆ ನಾಲಿಗೆ ಹಿಂದಕ್ಕೆ ಬರುವ ಹಾಗಿಲ್ಲ. ಅಂಟು ಹಳೆಯದಾಗಿ ಬಿಟ್ಟುಕೊಂಡರೂ ಜೋಡಣೆ ನಿಲ್ಲುತ್ತದೆ.

ಹೀಗಾಗಿ ಬೆಣೆಯನ್ನು ಸಂದು ಮುಚ್ಚುವ ಚೂರು ಅಂದುಕೊಳ್ಳಬೇಡಿ. ಕಂಡಿ ದೊಡ್ಡದಾಯಿತು, ನಾಲಿಗೆ ಸಣ್ಣದಾಯಿತು, ಬೆಣೆ ಹಾಕಿ ಸರಿಮಾಡೋಣ ಎನ್ನುವ ಲೆಕ್ಕ ನಡೆಯುವುದಿಲ್ಲ. ಹೊರಗಡೆ ಬಿಗಿಯಾಗಿ ಕಾಣುತ್ತದೆ, ಒಳಗೆ ಬುಡದ ಹತ್ತಿರ ಸಡಿಲವೇ ಉಳಿದಿರುತ್ತದೆ. ಬೆಣೆ ಇಲ್ಲದೆಯೂ ಕೊಡತಿಯ (ಮರದ ಸುತ್ತಿಗೆಯ) ಎರಡು ಮೂರು ಹದವಾದ ಏಟಿಗೆ ಒಳಹೋಗುವಷ್ಟು ನಾಲಿಗೆ ಬಿಗಿ ಇರಬೇಕು. ಆಮೇಲೆ ಬೆಣೆಯ ಮಾತು.

ಯಾವ ಮರದ ಬೆಣೆ ಒಳ್ಳೆಯದು?

ನಾಲಿಗೆಯ ಮರದಷ್ಟೇ ಗಟ್ಟಿ ಅಥವಾ ಅದಕ್ಕಿಂತ ಗಟ್ಟಿ ಇರಬೇಕು. ಚೆನ್ನಾಗಿ ಒಣಗಿರಬೇಕು. ಎಳೆ, ಅಂದರೆ ಮರದ ನಾರಿನ ಸಾಲು, ನೇರ ಇರಬೇಕು. ಈ ಮೂರರಲ್ಲಿ ಒಂದನ್ನೇ ಆರಿಸಬೇಕು ಎಂದರೆ ನಾನು ನೇರ ಎಳೆಯನ್ನೇ ಆರಿಸುತ್ತೇನೆ.

ನಮ್ಮ ಕಡೆ ಸಿಗುವುದರಲ್ಲಿ ಜಾಲಿ, ದಿಂಡಿಗ, ಹೊನ್ನೆ, ಮತ್ತಿ, ಬೀಟೆ ಎಲ್ಲವೂ ನಡೆಯುತ್ತವೆ. ದಿಂಡಿಗ ಏಟು ತಡೆಯುವ ಮರ, ಗಾಡಿಯ ಅಚ್ಚಿಗೆ ಬಳಸುತ್ತಿದ್ದದ್ದು. ಅದರ ನೇರವಾದ ತುಂಡು ಸಿಕ್ಕಿದರೆ ಬಿಡಬೇಡಿ. ಹುಣಸೆ ಬಹಳ ಗಟ್ಟಿ, ಆದರೆ ಎಳೆ ತಿರುಚಿಕೊಂಡಿರುತ್ತದೆ, ಸೀಳಿದರೆ ಹೇಳಿದ ಕಡೆ ಸೀಳುವುದಿಲ್ಲ. ಕೊಡತಿ ಮಾಡುವುದಕ್ಕೆ ಅದು ಸರಿ, ಬೆಣೆಗೆ ಬೇಡ. ತೇಗದ ಪೀಠೋಪಕರಣಕ್ಕೆ ತೇಗದ ಬೆಣೆಯೇ ಸಾಕು. ಬಲಿತು ಒಣಗಿದ ಬಿದಿರು ಕೂಡ ಒಳ್ಳೆಯ ಬೆಣೆ ಕೊಡುತ್ತದೆ, ಅದರ ನಾರು ನೇರ, ಸೀಳುವುದು ಸುಲಭ. ಸಿಪ್ಪೆಯ ಪಕ್ಕದ ಗಟ್ಟಿ ಭಾಗವನ್ನು ಇಟ್ಟುಕೊಂಡು ಒಳಗಿನ ಮೆತ್ತನೆಯದನ್ನು ಕೆತ್ತಿ ತೆಗೆಯಿರಿ. ಹೊಳಪಿನ ಹೊರಮೈಯನ್ನೂ ಸ್ವಲ್ಪ ಕೀಸಿ, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ.

ಪ್ಲೈವುಡ್ ಮತ್ತು ಎಂಡಿಎಫ್ (ಮರದ ನಾರಿನ ಪುಡಿಯನ್ನು ಅಂಟು ಸೇರಿಸಿ ಒತ್ತಿದ ಹಲಗೆ) ಚೂರು ಬೇಡವೇ ಬೇಡ. ಪ್ಲೈವುಡ್‌ನಲ್ಲಿ ಅರ್ಧ ಪದರಗಳ ಎಳೆ ಅಡ್ಡಕ್ಕೆ ಇರುತ್ತದೆ, ಎಂಡಿಎಫ್‌ನಲ್ಲಿ ಎಳೆಯೇ ಇಲ್ಲ.

ಬೆಣೆಯಲ್ಲಿ ಎಳೆ ಯಾವ ಕಡೆ ಓಡಬೇಕು?

ಉದ್ದಕ್ಕೆ. ತಲೆಯಿಂದ ತುದಿಯವರೆಗೆ. ಸುತ್ತಿಗೆಯ ಏಟು ಎಳೆಯ ತುದಿಗೆ ಬೀಳಬೇಕು. ಅಡ್ಡ ಎಳೆಯ ಬೆಣೆ ಎರಡನೇ ಏಟಿಗೇ ಮುರಿದು ಸೀಳಿನೊಳಗೆ ಕೂರುತ್ತದೆ, ಆಮೇಲೆ ತೆಗೆಯುವುದು ದೊಡ್ಡ ರಗಳೆ. ಸಣ್ಣ ಚೂರಿನಲ್ಲಿ ಎಳೆ ಯಾವ ಕಡೆ ಅಂತ ಗೊತ್ತಾಗುವುದಿಲ್ಲ ಅಲ್ವಾ? ಉಳಿಯಿಂದ ಒಂದು ಮೂಲೆಯನ್ನು ಸೀಳಿ ನೋಡಿ. ಸೀಳು ಹೋದ ಕಡೆಯೇ ಎಳೆ.

ಸೀಳಿ ಮಾಡಬೇಕೋ, ಗರಗಸದಲ್ಲಿ ಕೊಯ್ಯಬೇಕೋ?

ಸೀಳಿ ಮಾಡಿ. ಗರಗಸ ನಿಮ್ಮ ಪೆನ್ಸಿಲ್ ಗೆರೆಯ ಹಿಂದೆ ಹೋಗುತ್ತದೆ, ಸೀಳು ಮರದ ಎಳೆಯ ಹಿಂದೆ ಹೋಗುತ್ತದೆ. ಕೊಯ್ದ ಬೆಣೆಯಲ್ಲಿ ಎಳೆ ಎಲ್ಲೋ ಒಂದು ಕಡೆ ಪಕ್ಕಕ್ಕೆ ಹೊರಬಿದ್ದಿರುತ್ತದೆ, ಏಟು ಬಿದ್ದಾಗ ಅಲ್ಲಿಂದಲೇ ಅದು ಜಾರಿ ಮುರಿಯುತ್ತದೆ. ಸೀಳಿದ ತುಂಡಿನಲ್ಲಿ ತಲೆಯಿಂದ ತುದಿಯವರೆಗೆ ಒಂದೇ ಎಳೆ ಓಡುತ್ತದೆ. 1 ಮಿಲಿಮೀಟರ್ ದಪ್ಪದ ತುದಿ ಏಟು ತಡೆಯಬೇಕಾದರೆ ಇದು ಬೇಕೇ ಬೇಕು.

ಮಾಡುವ ಬಗೆ ಹೀಗೆ. ಗಂಟಿಲ್ಲದ ಮರದಿಂದ 40ರಿಂದ 50 ಮಿಲಿಮೀಟರ್ ಉದ್ದದ ತುಂಡನ್ನು ಅಡ್ಡಕ್ಕೆ ಕೊಯ್ದುಕೊಳ್ಳಿ. ಅದನ್ನು ದಿಮ್ಮಿಯ ಮೇಲೆ ನೆಟ್ಟಗೆ ನಿಲ್ಲಿಸಿ. ಅಗಲವಾದ ಉಳಿಯನ್ನು ಮೇಲಿನ ತುದಿಯ ಮೇಲಿಟ್ಟು, ಕೊಡತಿಯಿಂದ ಒಂದು ಏಟು ಕೊಡಿ. ಸೌದೆ ಒಡೆದ ಹಾಗೆಯೇ, ಅಳತೆ ಮಾತ್ರ ಚಿಕ್ಕದು. ಮೊದಲು ತುಂಡನ್ನು ನಡುವಿಗೆ ಸೀಳಿ, ಆ ಅರ್ಧವನ್ನು ಮತ್ತೆ ನಡುವಿಗೆ. ಒಂದು ಪಕ್ಕದಿಂದ ತೆಳ್ಳಗೆ ಸೀಳಲು ಹೋದರೆ ಸೀಳು ತೆಳು ಕಡೆಗೇ ಓಡಿ ಹೊರಬೀಳುತ್ತದೆ. ಎರಡೂ ಕಡೆ ಸಮ ದಪ್ಪ ಇದ್ದಾಗ ನೇರ ಇಳಿಯುತ್ತದೆ. ಕೊನೆಗೆ 6 ಮಿಲಿಮೀಟರ್ ದಪ್ಪದ ಪಟ್ಟಿಗಳು ಸಿಗಬೇಕು.

ಈಗ ಓರೆ ಕೊಡುವುದು. ಎರಡು ಮೂರು ಬೆಣೆ ಸಾಕಾದರೆ ಪಟ್ಟಿಯನ್ನು ಒಂದು ಆನಿಕೆಗೆ ಒತ್ತಿಟ್ಟು ಉಳಿಯಿಂದಲೇ ಕೆತ್ತಿ. ಹತ್ತಾರು ಬೇಕಾದರೆ ಒಂದು ಸಣ್ಣ ಅಚ್ಚು ಮಾಡಿಕೊಳ್ಳಿ. ಗಟ್ಟಿ ಮರದ ತುಂಡಿನಲ್ಲಿ ಬೆಣೆಯ ಅಗಲದ ಒಂದು ಕಾಲುವೆ ಕೊರೆಯಿರಿ. ಅದರ ತಳ ಓರೆಯಾಗಿರಲಿ, ಒಂದು ತುದಿಯಲ್ಲಿ 5 ಮಿಲಿಮೀಟರ್ ಆಳ, ಇನ್ನೊಂದು ತುದಿಯಲ್ಲಿ 1. ಸೀಳಿದ ಪಟ್ಟಿಯನ್ನು ಅದರೊಳಗೆ ಕೂರಿಸಿ, ಮೇಲೆ ತೋಪಡ (ಮರ ಕೀಸುವ ಉಪಕರಣ) ಎಳೆಯಿರಿ. ತೋಪಡ ಅಚ್ಚಿನ ಮೇಲ್ಮೈಗೆ ತಾಗಿ ಕೀಸುವುದು ತಾನೇ ನಿಂತಾಗ ಬೆಣೆ ಸಿದ್ಧ. ಎಲ್ಲವೂ ಒಂದೇ ಅಳತೆ. ತೋಪಡವನ್ನು ಯಾವಾಗಲೂ ದಪ್ಪ ತಲೆಯಿಂದ ತೆಳು ತುದಿಯ ಕಡೆಗೆ ಓಡಿಸಿ. ಉಲ್ಟಾ ಓಡಿಸಿದರೆ ಎಳೆ ಎದ್ದು ತುದಿ ಕಿತ್ತುಹೋಗುತ್ತದೆ.

ಅಳತೆ ಹೇಗೆ ಲೆಕ್ಕ ಹಾಕುವುದು?

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಕಂಡಿ ಇರುವ ಮರ 30 ಮಿಲಿಮೀಟರ್ ದಪ್ಪ. ನಾಲಿಗೆ 40 ಅಗಲ, 10 ದಪ್ಪ, ಹೊರಗೆ 3 ಮಿಲಿಮೀಟರ್ ಚಾಚುವಷ್ಟು ಉದ್ದ. ಎರಡು ಬೆಣೆ ಹಾಕಬೇಕು.

ಮೊದಲು ಕಂಡಿಯ ಹೊರಬಾಯಿಯನ್ನು ಎರಡೂ ತುದಿಯಲ್ಲಿ 2 ಮಿಲಿಮೀಟರ್ ಅಗಲಿಸಿ. ಅಂದರೆ ಒಳಬಾಯಿ 40, ಹೊರಬಾಯಿ 44. ಒಳಬಾಯಿಯ ಅಂಚನ್ನು ಮುಟ್ಟಬೇಡಿ, ಓರೆ ಅದಕ್ಕೆ ಸ್ವಲ್ಪ ಮೊದಲೇ ಮುಗಿಯಲಿ. ನಾಲಿಗೆಯಲ್ಲಿ ನಿಮ್ಮ ಗರಗಸ ಹಾಕುವ ಸೀಳಿನ ದಪ್ಪ 1 ಮಿಲಿಮೀಟರ್ ಅಂದುಕೊಳ್ಳಿ. ಬೆಣೆ ಆ 1 ಮಿಲಿಮೀಟರನ್ನು ತುಂಬಿ, ಇನ್ನೂ 2 ಮಿಲಿಮೀಟರ್ ಅರಳಿಸಬೇಕು. ಹಾಗಾದರೆ ಕಂಡಿಯ ಬಾಯಲ್ಲಿ ಬೆಣೆಯ ದಪ್ಪ 3 ಮಿಲಿಮೀಟರ್ ಬೇಕು. ಬೆಣೆ ಸುಮಾರು 20 ಮಿಲಿಮೀಟರ್ ಒಳಗೆ ಇಳಿಯುತ್ತದೆ. 20ಕ್ಕೆ 2 ಏರಿದರೆ 10ಕ್ಕೆ 1ರ ಓರೆ. 40 ಮಿಲಿಮೀಟರ್ ಉದ್ದ, ತುದಿಯಲ್ಲಿ 1, ತಲೆಯಲ್ಲಿ 5. ಮೇಲೆ ಹೇಳಿದ ಅಚ್ಚಿನ ಅಳತೆ ಬಂದಿದ್ದು ಇಲ್ಲಿಂದಲೇ.

ಬೆಣೆಯ ಅಗಲ ನಾಲಿಗೆಯ ದಪ್ಪದಷ್ಟು, ಅಂದರೆ 10. ಕೂದಲೆಳೆಯಷ್ಟು ಕಡಿಮೆ ಇದ್ದರೂ ಪರವಾಗಿಲ್ಲ, ಜಾಸ್ತಿ ಮಾತ್ರ ಇರಬಾರದು. ಅಗಲ ಜಾಸ್ತಿಯಾದರೆ ಬೆಣೆ ಕಂಡಿಯ ಪಕ್ಕದ ಗೋಡೆಗಳನ್ನು ನೂಕಿ ಮರವನ್ನು ಬಾಯಿ ಬಿಡಿಸುತ್ತದೆ.

ಓರೆ ಎಷ್ಟರವರೆಗೆ ಇರಬಹುದು?

8ಕ್ಕೆ 1ರಿಂದ 12ಕ್ಕೆ 1ರವರೆಗೆ ನಿಶ್ಚಿಂತೆ. 8ಕ್ಕೆ 1 ಅಂದರೆ ಸುಮಾರು 7 ಡಿಗ್ರಿ. 6ಕ್ಕೆ 1, ಅಂದರೆ ಒಂಬತ್ತೂವರೆ ಡಿಗ್ರಿ ಹತ್ತಿರ, ಅದು ಮಿತಿ ಅಂತ ನಾನು ಇಟ್ಟುಕೊಳ್ಳುತ್ತೇನೆ. ಬೆಣೆಯನ್ನು ಒಳಗೆ ಹಿಡಿದಿಡುವುದು ಮರಕ್ಕೂ ಮರಕ್ಕೂ ಇರುವ ತಿಕ್ಕಾಟ. ಓರೆ ಕಡಿದಾದಷ್ಟೂ ಬೆಣೆ ಹಿಂದಕ್ಕೆ ಪುಟಿಯುತ್ತದೆ, ಜೊತೆಗೆ ನಾಲಿಗೆಯನ್ನು ತಟ್ಟನೆ ಬಗ್ಗಿಸಿ ಮುರಿಯುವ ಅಪಾಯವೂ ಜಾಸ್ತಿ.

ನಾಲಿಗೆಯಲ್ಲಿ ಗರಗಸದ ಸೀಳು ಎಲ್ಲಿ ಹಾಕಬೇಕು?

ಅಂಚಿನಿಂದ ಸುಮಾರು ಆರನೇ ಒಂದು ಭಾಗ ಒಳಗೆ. 40 ಅಗಲದ ನಾಲಿಗೆಯಲ್ಲಿ 6ರಿಂದ 8 ಮಿಲಿಮೀಟರ್. ಅಂಚಿಗೆ ತೀರಾ ಹತ್ತಿರ ಹಾಕಿದರೆ ಹೊರಗಿನ ತೆಳು ಪಟ್ಟಿ ಮುರಿಯುತ್ತದೆ, ದೂರ ಹಾಕಿದರೆ ದಪ್ಪ ಪಟ್ಟಿ ಬಗ್ಗುವುದೇ ಇಲ್ಲ. ಆಳ ನಾಲಿಗೆಯ ಉದ್ದದ ಮುಕ್ಕಾಲು ಭಾಗ. ನಮ್ಮ ಉದಾಹರಣೆಯಲ್ಲಿ 33ರಲ್ಲಿ 25 ಆಸುಪಾಸು. ಸೀಳಿನ ಬುಡದಲ್ಲಿ 3 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ಒಂದು ತೂತು ಹಾಕಿದರೆ ಬೆಣೆ ಬಿದ್ದಾಗ ಸೀಳು ಮುಂದಕ್ಕೆ ಓಡುವುದು ಕಡಿಮೆಯಾಗುತ್ತದೆ. ತೇಗಕ್ಕೆ, ಬೇಗ ಸೀಳುವ ಇನ್ಯಾವುದೇ ಮರಕ್ಕೆ ಇದನ್ನು ತಪ್ಪಿಸಬೇಡಿ.

ಬೆಣೆಯ ತುದಿ ಸೀಳಿನ ಬುಡವನ್ನು ಮುಟ್ಟಬಾರದು. ಮುಟ್ಟಿದ ಮೇಲೂ ಬಡಿಯುತ್ತಾ ಹೋದರೆ ನಾಲಿಗೆ ಬುಡದಿಂದಲೇ ಸೀಳುತ್ತದೆ.

ಬೆಣೆ ಬಡಿದಾಗ ಕಂಡಿ ಇರುವ ಮರವೇ ಸೀಳಿತು. ತಪ್ಪೇನು?

ಬಹುತೇಕ ಸಲ ಬೆಣೆ ಕೂರಿಸಿದ ದಿಕ್ಕು ತಪ್ಪಾಗಿರುತ್ತದೆ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಮರ ಎಳೆಯ ಉದ್ದಕ್ಕೆ ಬೀಳುವ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆಗೆ ಅಡ್ಡ ನೂಕಿದರೆ ಸೀಳುತ್ತದೆ. ಬೆಣೆ ನಾಲಿಗೆಯನ್ನು ಯಾವ ಕಡೆ ಅರಳಿಸುತ್ತದೋ ಆ ಕಡೆ ಕಂಡಿಯಲ್ಲಿ ಎಳೆಯ ತುದಿಗಳು ಎದುರಾಗಬೇಕು. ಅಂದರೆ ಒತ್ತಡ ಕಂಡಿ ಇರುವ ಮರದ ಎಳೆಯ ಉದ್ದಕ್ಕೆ ಹೋಗಬೇಕು.

ಸ್ಟೂಲನ್ನೇ ನೋಡಿ. ಮಣೆಯ ಎಳೆ ಎಡದಿಂದ ಬಲಕ್ಕೆ ಓಡುತ್ತಿದೆ. ಕಾಲಿನ ದುಂಡು ನಾಲಿಗೆ ಕೆಳಗಿನಿಂದ ಬಂದು ಮಣೆಯ ಮೇಲೆ ಕಾಣುತ್ತಿದೆ. ಅದರಲ್ಲಿ ಬೆಣೆಯ ಗೆರೆ ಎಡ–ಬಲ ಇದ್ದರೆ, ಅಂದರೆ ಮಣೆಯ ಎಳೆಗೆ ಸಮಾನಾಂತರವಾಗಿದ್ದರೆ, ನಾಲಿಗೆ ಮುಂದಕ್ಕೂ ಹಿಂದಕ್ಕೂ ಅರಳುತ್ತದೆ. ಮಣೆಗೆ ಅದು ಸೌದೆಗೆ ಬೆಣೆ ಹೊಡೆದಂತೆಯೇ. ಗೆರೆಯನ್ನು ಮಣೆಯ ಎಳೆಗೆ ಅಡ್ಡಲಾಗಿ ಇಡಿ. ಆಗ ನಾಲಿಗೆ ಎಡಕ್ಕೂ ಬಲಕ್ಕೂ ಅರಳಿ ಎಳೆಯ ತುದಿಗಳನ್ನು ಒತ್ತುತ್ತದೆ, ಮಣೆ ಅಲುಗಾಡುವುದಿಲ್ಲ.

ಕಾಲು ಕೂರಿಸುವಾಗ ಅಂಟಿನ ಅವಸರದಲ್ಲಿ ಕಾಲು ತಿರುಗಿಬಿಡುತ್ತದೆ. ಮೊದಲೇ ಮಣೆಯ ಮೇಲೂ ಕಾಲಿನ ಮೇಲೂ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಎರಡು ಗುರುತು ಎದುರಾದ ಮೇಲೆಯೇ ಬೆಣೆ ಕೈಗೆತ್ತಿಕೊಳ್ಳಿ.

ಬಾಗಿಲು ಮಾಡುವವರು ಸೀಳು ಹಾಕದೆ ನಾಲಿಗೆಯ ಪಕ್ಕದಲ್ಲಿ ಬೆಣೆ ಬಡಿಯುತ್ತಾರಲ್ಲ?

ಅದೂ ಸರಿಯಾದ ಪದ್ಧತಿಯೇ. ಹಲಗೆ ತುಂಬಿದ ಬಾಗಿಲಿನಲ್ಲಿ ಅಡ್ಡಪಟ್ಟಿಯ ನಾಲಿಗೆ ನಿಲುಪಟ್ಟಿಯನ್ನು ತೂರಿ ಹೊರಬರುತ್ತದೆ. ನಾಲಿಗೆಯ ಮೇಲೊಂದು ಕೆಳಗೊಂದು ಬೆಣೆ ಕಂಡಿಯೊಳಗೆ ಹೋಗುತ್ತವೆ. ಇಲ್ಲಿ ನಾಲಿಗೆ ಬಗ್ಗುವುದಿಲ್ಲ, ಬೆಣೆಗಳೇ ಓರೆಯ ಜಾಗ ತುಂಬುತ್ತವೆ. ಅಂಟನ್ನು ಬೆಣೆಯ ನಾಲಿಗೆ ಕಡೆಯ ಮೈಗೆ ಮಾತ್ರ ಚೆನ್ನಾಗಿ ಹಚ್ಚಬೇಕು. ಮುಂದೆ ನಿಲುಪಟ್ಟಿ ಒಣಗಿ ಕುಗ್ಗಿದರೂ ಬೆಣೆ ನಾಲಿಗೆಗೇ ಅಂಟಿಕೊಂಡಿದ್ದು ಜೋಡಣೆಯನ್ನು ಬಿಡುವುದಿಲ್ಲ. ನಾಲಿಗೆಯ ಅಗಲ ತಗ್ಗಿಸುವಾಗ ಕೊಯ್ದು ಬಿಸಾಡುವ ಚೂರು ಇರುತ್ತದಲ್ಲ, ಅದರಿಂದಲೇ ಈ ಬೆಣೆ ಮಾಡಬಹುದು. ಅದೇ ಮರ, ಅದೇ ದಪ್ಪ.

ಮೆಷಿನ್‌ನಲ್ಲಿ ಒಂದೇ ಸಲ ನೂರು ಬೆಣೆ ಮಾಡಬಹುದಾ?

ಬ್ಯಾಂಡ್ ಸಾ (ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸದ ಯಂತ್ರ) ಇದ್ದರೆ ಮಾಡಬಹುದು. ಒಂದು ಪ್ಲೈವುಡ್ ತುಂಡಿನ ಅಂಚಿನಲ್ಲಿ ಬೆಣೆಯ ಆಕಾರದ ಕಚ್ಚು ಕೊರೆಯಿರಿ. ಮರವನ್ನು ಆ ಕಚ್ಚಿಗೆ ಒತ್ತಿ ಹಿಡಿದು ಪ್ಲೈವುಡ್ಡನ್ನು ಗೈಡಿನ ಪಕ್ಕ ತಳ್ಳಿದರೆ ಒಂದು ಬೆಣೆ ಬೀಳುತ್ತದೆ. ಮರವನ್ನು ಮಗುಚಿ ಮತ್ತೆ ತಳ್ಳಿ, ಇನ್ನೊಂದು. ಪ್ರತಿ ಸಲ ಮಗುಚುವುದರಿಂದ ಎಳೆ ನೇರವೇ ಉಳಿಯುತ್ತದೆ.

ಟೇಬಲ್ ಸಾ (ಮೇಜಿನಿಂದ ದುಂಡು ಬ್ಲೇಡ್ ಮೇಲೆ ಚಾಚಿರುವ ಯಂತ್ರ) ಮೇಲೆ ಇದನ್ನು ಮಾಡಬೇಡಿ ಎಂದೇ ಹೇಳುತ್ತೇನೆ. ಸಣ್ಣ ಚೂರು ಬ್ಲೇಡಿಗೂ ಗೈಡಿಗೂ ನಡುವೆ ಸಿಕ್ಕಿ ಮುಖಕ್ಕೆ ಹಾರುತ್ತದೆ, ಬೆರಳು ಬ್ಲೇಡಿನ ಪಕ್ಕಕ್ಕೆ ಹೋಗುತ್ತದೆ. ಬೆಣೆಗಾಗಿ ಬೆರಳು ಕಳೆದುಕೊಳ್ಳುವಂಥ ಅವಸರ ಯಾವ ಕೆಲಸದಲ್ಲೂ ಇರುವುದಿಲ್ಲ. ಕೈ ಗರಗಸದಲ್ಲಿ ಕೊಯ್ಯುವಾಗಲೂ ಉದ್ದ ತುಂಡನ್ನು ವೈಸ್‌ನಲ್ಲಿ ಕಚ್ಚಿಸಿ ಕೊಯ್ಯಿರಿ, ಚೂರನ್ನು ಬೆರಳಲ್ಲಿ ಹಿಡಿದು ಬೇಡ.

ಬಡಿಯುವ ಕ್ರಮ ಹೇಗೆ? ಅಂಟು ಹಚ್ಚಬೇಕಾ?

ಮನೆಯೊಳಗಿನ ಪೀಠೋಪಕರಣಕ್ಕೆ ಹಚ್ಚಿ. ಫೆವಿಕಾಲ್‌ನಂಥ ಬಿಳಿ ಅಂಟು ಸಾಕು. ಜೋಡಣೆಯನ್ನು ಮೊದಲು ಪೂರ್ತಿ ಒಳಗೆ ಕೂರಿಸಿ, ಭುಜ (ನಾಲಿಗೆಯ ಬುಡದ ಸುತ್ತಲಿನ ಮೆಟ್ಟಿಲು) ಎಲ್ಲ ಕಡೆ ತಾಗಿದೆಯಾ ನೋಡಿ, ಮೂಲೆಮಟ್ಟ ಇಟ್ಟು ನೋಡಿ. ಬೆಣೆ ಬಿದ್ದ ಮೇಲೆ ಸರಿಪಡಿಸುವುದು ಆಗದ ಮಾತು. ಎರಡು ಬೆಣೆ ಇದ್ದರೆ ಎರಡನ್ನೂ ಕೈಯಲ್ಲೇ ಒತ್ತಿ ನಿಲ್ಲಿಸಿ, ಇದಕ್ಕೊಂದು ಅದಕ್ಕೊಂದು ಸಣ್ಣ ಏಟು ಕೊಡುತ್ತಾ ಹೋಗಿ. ಒಂದನ್ನೇ ಪೂರ್ತಿ ಬಡಿದರೆ ನಾಲಿಗೆ ಒಂದು ಪಕ್ಕಕ್ಕೆ ಸರಿಯುತ್ತದೆ.

ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಕಿವಿ ಹೇಳುತ್ತದೆ. ಮೊದಲ ಏಟುಗಳ ಸದ್ದು ಮಂದವಾಗಿರುತ್ತದೆ. ಬಿಗಿಯಾದ ಕೂಡಲೇ ಸದ್ದು ಗಟ್ಟಿಯಾಗಿ, ಖಣಿಲ್ ಎಂದು ಬದಲಾಗುತ್ತದೆ. ಆಮೇಲೆ ಒಂದು ಏಟೂ ಬೇಡ. ಅಂಟು ಒಣಗಲು ಒಂದು ದಿನ ಬಿಟ್ಟು, ಹೊರಗೆ ಚಾಚಿದ್ದನ್ನು ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದು, ಉಳಿಯಿಂದ ಅಂಚಿನಿಂದ ನಡುವಿನ ಕಡೆಗೆ ಕೆತ್ತಿ ಸಮ ಮಾಡಿ.

ಬೆಣೆ ಅರ್ಧಕ್ಕೇ ಮುರಿದರೆ?

ಮುರಿದ ತುದಿ ಬಿಗಿಯಾಗಿ ಕೂತಿದ್ದರೆ ಹಾಗೇ ಬಿಡಿ. ಮೇಲಿನ ಖಾಲಿ ಜಾಗಕ್ಕೆ ಗಿಡ್ಡದಾದ, ತುದಿ ಸ್ವಲ್ಪ ದಪ್ಪ ಇರುವ ಬೆಣೆ ಮಾಡಿ ಅಂಟು ಹಚ್ಚಿ ಇಳಿಸಿ. ತುದಿ ಸಡಿಲವಾಗಿದ್ದರೆ ತೆಳು ಉಳಿಯಿಂದ ಎರಡಾಗಿ ಸೀಳಿ ಚಿಮಟದಲ್ಲಿ ಎಳೆಯಿರಿ. ಬೇಗ ಮಾಡಿ, ಅಂಟು ಕಾಯುವುದಿಲ್ಲ.

ಕೊಡಲಿ ಕಾವು ಸಡಿಲವಾದರೆ ನೀರಿನಲ್ಲಿ ನೆನೆಸಿಡುವುದು ಸರಿಯೇ?

ಒಂದು ಹೊತ್ತಿನ ಕೆಲಸಕ್ಕೆ ಆದೀತು, ಆದರೆ ಮರುದಿನದಿಂದ ಮೊದಲಿಗಿಂತ ಸಡಿಲವಾಗುತ್ತದೆ. ಒದ್ದೆಯಾದ ಮರ ಉಬ್ಬಲು ನೋಡುತ್ತದೆ, ಕಬ್ಬಿಣದ ಕಣ್ಣು (ಕಾವು ತೂರುವ ತೂತು) ಬಿಡುವುದಿಲ್ಲ. ಜಾಗ ಸಿಗದ ಮರದ ಎಳೆಗಳು ಒಳಗೇ ಜಜ್ಜಿ ಕುಗ್ಗುತ್ತವೆ. ಒಣಗಿದ ಮೇಲೆ ಆ ಕುಗ್ಗು ಹಿಂದಕ್ಕೆ ಬರುವುದಿಲ್ಲ. ಮತ್ತೆ ನೆನೆಸಿದರೆ ಮತ್ತಷ್ಟು ಜಜ್ಜುತ್ತದೆ. ಕೆಲಸದ ನಡುವೆ ಕೊಡಲಿಯ ತಲೆ ಹಾರಿ ಯಾರಿಗೋ ತಗಲುವವರೆಗೆ ಇದನ್ನು ಮುಂದುವರಿಸಬೇಡಿ, ದಯವಿಟ್ಟು.

ಹಳೆ ಬೆಣೆ ತೆಗೆದು ಹೊಸದು ಹಾಕಿ. ಕಾವಿನ ತುದಿಯಲ್ಲಿ ಕಣ್ಣಿನ ಉದ್ದನೆಯ ದಿಕ್ಕಿಗೆ ಒಂದು ಸೀಳು, ಆಳ ಕಣ್ಣಿನ ಮೂರನೇ ಎರಡು ಭಾಗ. ಇಲ್ಲಿ ಕಣ್ಣು ಕಬ್ಬಿಣದ್ದು, ಸೀಳುವ ಭಯ ಇಲ್ಲ, ಹಾಗಾಗಿ ಬೆಣೆ ಎರಡು ಪಕ್ಕಕ್ಕೂ ಧಾರಾಳವಾಗಿ ಅರಳಿಸಲಿ. ಒಣಗಿದ ಗಟ್ಟಿ ಮರದ ಬೆಣೆ ಮೊದಲು. ಕಬ್ಬಿಣದ ಬೆಣೆ ಬೇಕೆನಿಸಿದರೆ ಅದರ ಮೇಲೆ ಓರೆಯಾಗಿ ಒಂದು. ಬರೀ ಕಬ್ಬಿಣದ್ದನ್ನು ಬಡಿದರೆ ಕಾವು ಜಜ್ಜುತ್ತದೆ. ಕಾವಿನ ತುದಿಯನ್ನು ಕಣ್ಣಿಗಿಂತ 5 ಮಿಲಿಮೀಟರ್ ಮೇಲೆ ಉಳಿಸಿ ಕೊಯ್ದರೆ ಅರಳಿದ ಭಾಗ ಹೊರಗೂ ತಡೆ ಕೊಡುತ್ತದೆ. ಕೊನೆಗೆ ಅಗಸೆ ಎಣ್ಣೆ ಕುಡಿಸಿ.

ಕರಾವಳಿಯಲ್ಲಿ ಮಾಡಿದ ಸ್ಟೂಲು ಕಲಬುರಗಿಗೆ ಹೋದ ಮೇಲೆ ಸಡಿಲವಾಯಿತು. ಬೆಣೆ ತಪ್ಪಿತೇ?

ಬೆಣೆಯಾಗಲಿ ಮರವಾಗಲಿ ಒಣಗದೆ ಇದ್ದಿರಬೇಕು. ಗಾಳಿಯ ತೇವ ಶೇಕಡ 90ರ ಹತ್ತಿರ ಇದ್ದಾಗ ಮರದಲ್ಲಿ ಸುಮಾರು ಶೇಕಡ 20 ನೀರು ನಿಲ್ಲುತ್ತದೆ. ಗಾಳಿಯ ತೇವ 30ಕ್ಕೆ ಇಳಿದರೆ ಅದೇ ಮರದಲ್ಲಿ 6ರ ಆಸುಪಾಸು. ಮಳೆಗಾಲದ ಮಂಗಳೂರಿಗೂ ಬೇಸಿಗೆಯ ಕಲಬುರಗಿಗೂ ಅಷ್ಟು ಅಂತರ ಇದ್ದೇ ಇರುತ್ತದೆ. ಮರ ಉದ್ದಕ್ಕೆ ಹೆಚ್ಚು ಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೂ ದಪ್ಪಕ್ಕೂ ಕುಗ್ಗುತ್ತದೆ. ಬೆಣೆಯ ಕೆಲಸವೆಲ್ಲ ಅದರ ದಪ್ಪದಲ್ಲೇ ಇರುವುದು. ಹಾಗಾಗಿ ಬೆಣೆಗಳನ್ನು ಮೊದಲೇ ಮಾಡಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲೋ, ಹೊತ್ತಿ ಆರಿದ ಒಲೆಯ ಪಕ್ಕದಲ್ಲೋ ಒಂದೆರಡು ದಿನ ಇಟ್ಟು ಬಳಸಿ. ಬೆಣೆ ಕಾವು ಅಥವಾ ನಾಲಿಗೆಗಿಂತ ಒಣಗಿದ್ದರೆ ಕೂತ ಮೇಲೆ ತೇವ ಹೀರಿ ಇನ್ನಷ್ಟು ಬಿಗಿಯುತ್ತದೆ, ಹಸಿಯಾಗಿದ್ದರೆ ಕೂತ ಮೇಲೆ ಕುಗ್ಗುತ್ತದೆ.

ಬಿಚ್ಚಿ ಜೋಡಿಸುವ ಮಂಚಕ್ಕೆ, ಮೇಜಿಗೆ ಹಾಕುವ ಬೆಣೆ ಬೇರೆಯೇ?

ಬೇರೆ. ಅಲ್ಲಿ ನಾಲಿಗೆ ಕಂಡಿಯಿಂದ ಉದ್ದವಾಗಿ ಹೊರಬರುತ್ತದೆ. ಹೊರಬಂದ ಭಾಗದಲ್ಲಿ ಇನ್ನೊಂದು ತೂತು, ಅದರಲ್ಲಿ ಬೆಣೆ. ಅಂಟು ಹಚ್ಚಬಾರದು, ಸೀಳೂ ಇಲ್ಲ. ಗುಟ್ಟು ಇರುವುದು ಆ ತೂತಿನ ಜಾಗದಲ್ಲಿ. ತೂತಿನ ಒಳಗೋಡೆ ಮರದ ಹೊರಮೈಗಿಂತ 2 ಮಿಲಿಮೀಟರ್ ಒಳಗೆ ಇರಬೇಕು. ಆಗ ಬೆಣೆ ತೂತಿನ ಹೊರಗೋಡೆಗೂ ಮರದ ಮೈಗೂ ಮಾತ್ರ ತಾಗಿ ಜೋಡಣೆಯನ್ನು ಎಳೆಯುತ್ತದೆ. ಒಳಗೋಡೆಗೆ ತಾಗಿದರೆ ಎಷ್ಟು ಬಡಿದರೂ ಬಿಗಿಯುವುದಿಲ್ಲ. ತೂತಿನ ಆಚೆ ನಾಲಿಗೆಯಲ್ಲಿ ಸಾಕಷ್ಟು ಮರ ಬಿಡಿ, ಇಲ್ಲದಿದ್ದರೆ ತುದಿ ಸೀಳಿ ಹೊರಬೀಳುತ್ತದೆ. ಬೇಸಿಗೆಯಲ್ಲಿ ಸಡಿಲವಾದರೆ ಅಂಗೈಯಿಂದ ಒಂದು ಏಟು ಸಾಕು.

ಜಪಾನಿನಲ್ಲಿ ನಾರಾದ ತೋಡೈ-ಜಿ ದೇಗುಲದ ದೊಡ್ಡ ದಕ್ಷಿಣ ದ್ವಾರ 1199ರಲ್ಲಿ ಮತ್ತೆ ಕಟ್ಟಿದ್ದು. ಅದರ ಕಂಬಗಳನ್ನು ತೂರಿ ಹೋಗುವ ಅಡ್ಡ ತೊಲೆಗಳ ಪದ್ಧತಿಯಲ್ಲಿ ಬಿಗಿ ಕೊಡುವುದು ಬೆಣೆಯೇ. ಮರದ ಬೆಣೆ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವವರಿಗೆ ನಾನು ತೋರಿಸುವುದು ಆ ದ್ವಾರವನ್ನು.

ಹೊರಗೆ ಕಾಣದ ಹಾಗೆ ಬೆಣೆ ಹಾಕಬಹುದಾ?

ಹಾಕಬಹುದು. ಕಂಡಿ ಆಚೆಗೆ ತೂರಿರುವುದಿಲ್ಲ, ಒಳಗಡೆ ಅಗಲವಾಗಿರುತ್ತದೆ. ಬೆಣೆಗಳನ್ನು ಸೀಳಿನಲ್ಲಿ ಸಿಕ್ಕಿಸಿಕೊಂಡೇ ನಾಲಿಗೆಯನ್ನು ಬಡಿದರೆ ಕಂಡಿಯ ತಳಕ್ಕೆ ತಾಗಿ ಬೆಣೆ ತಾನೇ ಒಳಹೋಗುತ್ತದೆ. ಒಂದು ಸಲ ಕೂತರೆ ಮುಗಿಯಿತು, ತೆಗೆಯಲಾಗುವುದಿಲ್ಲ. ಬೆಣೆ 2 ಮಿಲಿಮೀಟರ್ ಉದ್ದವಾದರೂ ಜೋಡಣೆ ಅರ್ಧದಲ್ಲಿ ನಿಲ್ಲುತ್ತದೆ. ಹೊಸಬರು ಇದಕ್ಕೆ ಕೈ ಹಾಕುವ ಮೊದಲು ಹಾಳಾದರೂ ಬೇಸರವಿಲ್ಲದ ಮರದಲ್ಲಿ ಮಾಡಿ, ಆಮೇಲೆ ನಡುವಿಗೆ ಕೊಯ್ದು ಒಳಗೆ ಏನಾಗಿದೆ ಎಂದು ನೋಡಿ.

ಅಂದಕ್ಕಾಗಿ ಬೇರೆ ಬಣ್ಣದ ಬೆಣೆ ಹಾಕಿದರೆ ತಪ್ಪೇ?

ಏನೂ ತಪ್ಪಿಲ್ಲ. ಹಲಸಿನ ಹಳದಿಯಲ್ಲಿ ಬೀಟೆಯ ಕಪ್ಪು ಗೆರೆ ಬಹಳ ಚೆನ್ನಾಗಿ ಕಾಣುತ್ತದೆ. ಬೀಟೆಯ ಹಳೆ ಚೂರುಗಳು ಸಾಮಿಲ್‌ನಲ್ಲೋ ಹಳೇ ಪೀಠೋಪಕರಣದ ಅಂಗಡಿಯಲ್ಲೋ ಸಿಗುತ್ತವೆ. ಒಂದು ಮಾತು: ಬೀಟೆಯ ಮೇಲೆ ಮರಳು ಕಾಗದ ಉಜ್ಜಿದರೆ ಕಪ್ಪು ಪುಡಿ ಪಕ್ಕದ ತಿಳಿ ಮರದ ರಂಧ್ರಗಳಿಗೆ ಇಳಿದು ಕಲೆಯಾಗುತ್ತದೆ. ಅಲ್ಲಿ ಮರಳು ಕಾಗದ ಬೇಡ, ಹರಿತವಾದ ತೋಪಡದಿಂದಲೇ ಮುಗಿಸಿ.

ಹಳೆ ಕುರ್ಚಿ ದುರಸ್ತಿಗೆ ಬೆಣೆ ತೆಗೆಯುವುದು ಹೇಗೆ?

ಬೆಣೆಯ ನಡುವೆ ಸಾಲಾಗಿ 2 ಮಿಲಿಮೀಟರ್ ತೂತುಗಳನ್ನು ಹಾಕಿ, ಉಳಿದದ್ದನ್ನು ತೆಳು ಉಳಿಯಿಂದ ಬಿಡಿಸಿ. ಬೆಣೆ ಹೋದ ಮೇಲೆ ಅರಳಿದ ನಾಲಿಗೆ ಸ್ವಲ್ಪ ಹಿಂದಕ್ಕೆ ಸೇರುತ್ತದೆ. ಬಿಳಿ ಅಂಟಾದರೆ ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಒಳಗಡೆಯಿಂದ, ಮರದ ತುಂಡು ಅಡ್ಡ ಇಟ್ಟು, ಕೊಡತಿಯಿಂದ ಮೆಲ್ಲಗೆ ತಟ್ಟಿ ಬಿಡಿಸಿ. ಹೊಸ ಬೆಣೆ ಹಾಕುವ ಮುಂಚೆ ಹಳೆ ಅಂಟನ್ನು ಪೂರ್ತಿ ಕೆರೆದು ತೆಗೆಯಬೇಕು. ಹಳೆ ಅಂಟಿನ ಮೇಲೆ ಹೊಸ ಅಂಟು ನಿಲ್ಲುವುದಿಲ್ಲ.